ಉಗುರಿನ ಗೆರೆಯಷ್ಟು ಕಡಲು

1942ರಲ್ಲಿ ನಾನು ಕೊಪ್ಪದ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಪಾಠಕ್ಕೆ ಮೊದಲು ಹಲಗೆಯ ಮೇಲೆ ಜೇಡಿಮಣ್ಣಿನ ಉಬ್ಬುನಕ್ಷೆ, ಅಂದರೆ ಗುಡ್ಡ ತಗ್ಗುಗಳನ್ನು ಮುಟ್ಟಿ ನೋಡಬಹುದಾದ ನಕ್ಷೆ, ಸಿದ್ಧವಿರಬೇಕೆಂಬುದು ನನ್ನ ಕ್ರಮ. ಆ ವರ್ಷ ಚೀನಾದ ದಕ್ಷಿಣ ಕರಾವಳಿಯ ಕ್ವಾಂಗ್‌ಟುಂಗ್ ಪ್ರಾಂತವನ್ನು ಮಾಡಿದ್ದೆ: ಉತ್ತರಕ್ಕೆ ಬೆಟ್ಟಸಾಲು, ನಡುವೆ ನದೀಮುಖದ ಗದ್ದೆಬಯಲು, ಪೂರ್ವದ ಕರಾವಳಿಗೆ ಗುಡ್ಡಗಳು, ಪಶ್ಚಿಮದ ಕೊನೆಯಲ್ಲಿ ದಕ್ಷಿಣಕ್ಕೆ ಚಾಚಿದ ಪರ್ಯಾಯ ದ್ವೀಪ. ಕಡಲಂಚಿನಲ್ಲಿ ಕಾಳಿನಷ್ಟು ಹಾಂಗ್‌ಕಾಂಗ್ ದ್ವೀಪ.

ಒಂದು ಬೆಳಿಗ್ಗೆ ಪೇಟೆಯ ಬೆಲ್ಲದ ವ್ಯಾಪಾರಿ ಮಲ್ಲಪ್ಪನವರು ಸೊಸೆ ಗೌರಮ್ಮನೊಡನೆ ಬಂದರು. ಮಗ ಬಸವರಾಜ ಹಾಂಗ್‌ಕಾಂಗಿನ ಸೈನ್ಯದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹಾಂಗ್‌ಕಾಂಗ್ ಜಪಾನೀಯರ ವಶವಾದ ಮೇಲೆ ‘ಪತ್ತೆಯಿಲ್ಲ’ ಎಂದು ತಂತಿ ಬಂದಿತ್ತು. ಗೌರಮ್ಮನ ಬಳೆ ಒಡೆಸಬೇಕೆಂದು ಬಂಧುಗಳು ಹಟ ಹಿಡಿದಿದ್ದರು.

“ತಪ್ಪಿಸ್ಕಂಡ್ರೆ ಅವ್ನು ಎತ್ಲಾಗೆ ಹೋಗ್ಬೋದು ಮೇಷ್ಟ್ರೇ?”

ನಾನು ಪೂರ್ವದ ಗುಡ್ಡಗಳನ್ನು ತೋರಿಸಿದೆ. ಮಲ್ಲಪ್ಪನವರ ಮುಖ ಅರಳಿತು.

“ಹಂಗಾರೆ ಚಿಂತಿಲ್ಲ ಮಾರಾಯ್ರೆ. ಕಾಡು ಹೊಕ್ರೆ ಅವ್ನು ನಮ್ಮ ಫಾರೆಸ್ಟ್ ಗಾರ್ಡಿಗೇ ಸಿಕ್ಕೋನಲ್ಲ. ಜಪಾನಿನೋರಿಗೆ ಸಿಗ್ತಾನಾ?”

ನಮ್ಮ ಕಡೆಯವರಿಗೆ ಗುಡ್ಡವೆಂದರೆ ಕಾಡು. ಚೀನಾದ ಆ ಗುಡ್ಡಗಳಲ್ಲಾದರೆ ಮರವನ್ನು ಜನ ಎಂದೋ ಸೌದೆಗೆ ಕಡಿದು ಮುಗಿಸಿದ್ದರು. ಸುಮ್ಮನಿರೋಣವೆನಿಸಿತು. ಆದರೆ ನಕ್ಷೆಯ ಮುಂದೆ ನಿಂತು ತಪ್ಪು ಹೇಳುವುದು ನನ್ನಿಂದಾಗಲಿಲ್ಲ.

“ಅಲ್ಲಿ ಕಾಡಿಲ್ಲ. ಬರೀ ಹುಲ್ಲು ಬೆಳೆದ ಬೋಳುಗುಡ್ಡ.”

ಮಲ್ಲಪ್ಪನವರು ಬೆಂಚಿನ ಮೇಲೆ ಕೂತರು. ಬಾಗಿಲ ಬಳಿಯಿದ್ದ ಗೌರಮ್ಮ ಕೇಳಿದಳು, “ಕುಡಿಯಕ್ಕೆ ಹಳ್ಳ ಗಿಳ್ಳ?”

“ಇದಾವಮ್ಮ.”

“ಹಂಗಾರೆ ನಡೀತಾರೆ. ಬಳೆ ಇರ್ಲಿ ಮಾವ.”

ಬಂಧುಗಳು ಆ ಮನೆಯ ಶುಭಕಾರ್ಯಗಳಿಗೆ ಬರುವುದನ್ನು ಬಿಟ್ಟರು. ಬಳೆ ಉಳಿಯಿತು.

ಯುದ್ಧ ಮುಗಿದು, 1946ರಲ್ಲಿ ಅದೇ ಆಸ್ಪತ್ರೆಯಲ್ಲಿದ್ದ ಹಾಸನದ ಕಡೆಯವನೊಬ್ಬ ಮಲ್ಲಪ್ಪನವರನ್ನು ಹುಡುಕಿಕೊಂಡು ಬಂದ. ಬಸವರಾಜ ಜಪಾನೀಯರ ದಾಳಿಯ ಮೊದಲ ವಾರದಲ್ಲೇ ಫಿರಂಗಿ ಗುಂಡು ಬಿದ್ದು ಸತ್ತಿದ್ದ. ಅವನನ್ನು ದ್ವೀಪದಲ್ಲಿ ಮಣ್ಣು ಮಾಡಿದವರಲ್ಲಿ ಈ ಹಾಸನದವನೂ ಒಬ್ಬ.

ಮರುದಿನ ಗೌರಮ್ಮ ಒಬ್ಬಳೇ ಶಾಲೆಗೆ ಬಂದು ಆ ನಕ್ಷೆ ನೋಡಬೇಕೆಂದಳು. ಮಣ್ಣು ಬಿರುಕುಬಿಟ್ಟಿದ್ದ ಹಲಗೆಯನ್ನು ಅಟ್ಟದಿಂದ ಇಳಿಸಿದೆ. ದ್ವೀಪಕ್ಕೂ ದಡಕ್ಕೂ ನಡುವೆ ನಾನು ಉಗುರಿನಿಂದ ಗೀರಿದ್ದ ಗೆರೆಯ ಮೇಲೆ ಅವಳು ಬೆರಳಿಟ್ಟಳು.

“ಇದೆಂತ?”

“ಕಡಲು. ಮೈಲಿ ಅಗಲ.”

“ನಾವು ಬರೀ ಗುಡ್ಡ ಕೇಳಿದ್ವಿ. ಅವ್ರಿಗೆ ಈಜು ಬರ್ತಿರ್ಲಿಲ್ಲ,” ಎಂದಳು. “ನೆಂಟ್ರ ಕೈಲಿ ನಾನು ಬಳೆ ಒಡೆಸ್ಕಳಲ್ಲ ಮೇಷ್ಟ್ರೇ.”

ಬಳೆಗಳನ್ನು ಒಂದೊಂದಾಗಿ ಜಾರಿಸಿ ಹಲಗೆಯ ಮೇಲಿಟ್ಟು ಹೋದಳು. ಗಂಟೆ ಹೊಡೆಯಿತು; ನಾನು ತರಗತಿಗೆ ಹೋದೆ.

ಅಂದಿನಿಂದ ನಿವೃತ್ತಿಯವರೆಗೆ ಯಾವ ನಾಡಿನ ಪಾಠವನ್ನೂ ನಾನು ಗುಡ್ಡಗಳಿಂದ ಆರಂಭಿಸಲಿಲ್ಲ. ಮೊದಲು ಅಳತೆಯ ಸ್ಕೇಲ್: ನಕ್ಷೆಯ ಮೇಲಿನ ಒಂದು ಗೆರೆಯನ್ನು ದಾಟಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ.