ಬೆಲ್ಲ ಹೆಚ್ಚಾದ ಕಮಾನು

ಇಂದು ಬೆಳಿಗ್ಗೆ ಹುಕ್ಕೇರಿಯ ಬಸ್‌ಸ್ಟ್ಯಾಂಡಿನಿಂದ ನಡೆದು ಬರುವಾಗ ಯಾರದೋ ಅಂಗಳದಲ್ಲಿ ಸುಣ್ಣದ ಹರಳಿಗೆ ನೀರು ಹಾಕಿದ ವಾಸನೆ ಬಂತು. ನಿಮಗೂ ಗೊತ್ತಿರಬೇಕು, ಮೂಗು ಚುರ್ರೆಂದರೂ ಇನ್ನೊಮ್ಮೆ ಎಳೆದುಕೊಳ್ಳಬೇಕೆನಿಸುತ್ತದೆ. ನನಗೆ ಮಾತ್ರ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ನಮ್ಮಜ್ಜ ಕಟ್ಟಿಸಿದ ಮನೆ ಇಲ್ಲಿನ ಹಳೆಯ ಗುಮ್ಮಟಗಳ ಪಕ್ಕದ ಓಣಿಯಲ್ಲಿದೆ. ಅವನ ಕಾಲಕ್ಕೆ ಎಲ್ಲರೂ ಬಾಗಿಲ ಮೇಲೆ ತೊಲೆ ಇಟ್ಟು ಮನೆ ಕಟ್ಟುತ್ತಿದ್ದರು. ಇವನಿಗೆ ದಿನಾ ಕಾಣುವ ಗುಮ್ಮಟದ್ದೇ ಹುಚ್ಚು. ನೂರಾರು ವರ್ಷ ಹಿಂದಿನ ಆ ಚೂಪು ಕಮಾನುಗಳನ್ನೇ ತನ್ನ ಪಡಸಾಲೆಗೂ ತಂದ. ಇದು ಜೈನರ ಮನೆಯೋ ಸುಲ್ತಾನರ ಅರಮನೆಯೋ ಎಂದು ಬೀಗರು ನಗುತ್ತಿದ್ದರಂತೆ. ಅಜ್ಜನಿಗೆ ಅದೂ ಹೊಗಳಿಕೆಯೇ.

ತೊಂಬತ್ತರ ದಶಕದ ಕೊನೆಗೆ ಪಡಸಾಲೆಯ ದೊಡ್ಡ ಕಮಾನು ಬಿರುಕು ಬಿಟ್ಟಿತು. ಆಗ ಅಲ್ಲಿದ್ದವಳು ನನ್ನ ಸೋದರತ್ತೆ ಚಂಪಕ್ಕ. ಆ ಕಮಾನಿನ ಕೆಳಗೇ ಅವಳ ಹೊಲಿಗೆ ಕ್ಲಾಸು, ಎಂಟು ಮಷೀನು. ಗೋಕಾಕದಲ್ಲಿ ಬೆಲ್ಲದ ಅಡತಿ ಅಂಗಡಿ ನಡೆಸುತ್ತಿದ್ದ ನಾನು, ಎಲ್ಲ ಬಲ್ಲವನಂತೆ, ಸ್ಲ್ಯಾಬ್ ಹಾಕಿಸೋಣ ಎಂದೆ. ಆದರೆ ಗುಮ್ಮಟದ ಸುತ್ತಲಿನದು ಸರಕಾರದ ರಕ್ಷಣೆಯಲ್ಲಿರುವ ಜಾಗ. ಇದ್ದದ್ದನ್ನು ಇದ್ದ ಹಾಗೆ ದುರಸ್ತಿ ಮಾಡಬಹುದು, ಕೆಡವಿದರೆ ಮತ್ತೆ ಕಟ್ಟುವಂತಿಲ್ಲ.

"ಹಂಗಾರ ಕೆಡವೇ ಬಿಡೂಣು ಅತ್ತಿ. ನೀ ಗೋಕಾಕಕ್ಕ ಬಂದು ನಮ್ಮ ಜೋಡಿ ಇರು."

"ಅಲ್ಲಿ ನನ್ನ ಹುಡುಗ್ಯಾರು ನಿನ್ನ ಬೆಲ್ಲಕ್ಕ ಜಂಪರ್ ಹೊಲೀಬೇಕೇನು? ಒಂದು ಸಲ ಈ ಕಮಾನು ಬಿಚ್ಚಿ ಕಟ್ಟೂಣು. ನಿಲ್ಲಲಿಲ್ಲಂದ್ರ ಮಷೀನು ಮಾರಿ ನಿನ್ನ ಹಿಂದ ಬರ್ತೀನಿ."

ಕಣಗಲಾ ಊರಿನ ಹಳೆಯ ಗೌಂಡಿ ಇಮಾಮಸಾಬರು ಬಂದರು. ಸಿಮೆಂಟು ಬೇಡ, ಗಚ್ಚೇ ಬೇಕು ಎಂದರು: ಸುಣ್ಣ, ಉಸುಕು, ಅಳಲೆಕಾಯಿ ನೀರು, ಬೆಲ್ಲದ ನೀರು. ಕೆಲಸ ಶುರುವಾದ ಮೇಲೆ ಒಂದು ಮದುವೆಗೆಂದು ದಡ್ಡಿ ಎಂಬ ಊರಿಗೆ ಹೊರಟವರು, "ಒಂದು ಬಾನಿ ಗಚ್ಚಿಗೆ ಒಂದ ಪೆಂಟಿ ಬೆಲ್ಲ ಸಾಕ್ರಿ ಸಾವಕಾರ್ರ" ಎಂದು ಹೇಳಿಯೇ ಹೋದರು. ಬೆಲ್ಲದ ವ್ಯಾಪಾರದ ಮನೆತನದವನು ಅಜ್ಜನ ಕಮಾನಿಗೆ ಒಂದೇ ಉಂಡೆ ಬೆಲ್ಲ ಹಾಕಿದರೆ ಊರು ಏನಂದೀತು? ನಾಲ್ಕು ಹಾಕಿಸಿದೆ.

ಮೂರನೆಯ ದಿನ ನೋಡಿದರೆ ಗಚ್ಚು ಹೂರಣದಷ್ಟು ಮೆತ್ತಗೆ. ಅರ್ಧ ಕಟ್ಟಿದ ಕಮಾನಿನ ತುಂಬ ಇರುವೆ. ಮರಳಿ ಬಂದ ಇಮಾಮಸಾಬರು ಮೇಲೆ ಕೆಳಗೆ ನೋಡಿದರು.

"ಕಮಾನು ಕಟ್ಟೀರೋ, ಹೋಳಿಗಿ ಮಾಡೀರೋ?"

ಬೇರೆಯವರಾದರೆ ಒಂದು ಬಕೆಟ್ ನೀರು ಸುರಿದು ಮುಗಿಸುತ್ತಿದ್ದರು. ನಮ್ಮದು ಇರುವೆಯನ್ನೂ ದಾಟಿ ನಡೆಯುವ ಮನೆ. "ಒಂದ ಇರುವಿ ಸತ್ರೂ ಕೆಲಸ ಬಂದ್" ಎಂದಳು ಅತ್ತೆ. ಕಮಾನಿನಿಂದ ಹಿತ್ತಲಿನವರೆಗೆ ಸಕ್ಕರೆ, ರವೆಯ ಗೆರೆ ಎಳೆಸಿದಳು. ಆ ಪ್ರವಾಸಿಗರು ಪೂರ್ತಿ ತೆರಳಲು ಐದು ದಿನ ಬೇಕಾಯಿತು. ಯಾರೂ ತುಳಿಯದಂತೆ ಕಾಯುವ ನೌಕರಿ ನನ್ನದು. ಹೊಲಿಗೆ ಕಲಿಯುವ ಹುಡುಗಿಯರು ನನ್ನನ್ನು ನೋಡಿದಾಗಲೆಲ್ಲ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು.

ಹಾಕಿದ್ದನ್ನು ಬಿಚ್ಚಿ ಇಮಾಮಸಾಬರು ಮತ್ತೆ ಕಟ್ಟಿದರು. ಗಚ್ಚು ಒಣಗಿ, ಅಡಿಯ ಕಟ್ಟಿಗೆ ಆಧಾರ ತೆಗೆಯುವ ದಿನ ಬಂತು. ಸುಳ್ಳೇಕೆ ಹೇಳಲಿ, ಅದು ಬಿದ್ದರೆ ನನ್ನ ಮಾತೇ ಸರಿಯಾಗುತ್ತದಲ್ಲ ಎಂಬ ಕೆಟ್ಟ ಆಸೆಯೂ ಒಳಗೊಂದು ಇತ್ತು. ಅಷ್ಟರಲ್ಲಿ ಅತ್ತೆ ತನ್ನ ಮಷೀನು ಎಳೆದು ತಂದು ಕಮಾನಿನ ನಟ್ಟನಡುವೆ ಇಟ್ಟು ಕೂತಳು.

"ಅತ್ತಿ, ಏಳಽ! ಬಿದ್ದುಗಿದ್ದೀತು!"

"ಬೀಳ್ಲಿ ಬಿಡು, ಗೋಕಾಕಕ್ಕ ಹೋಗೂದಾರ ತಪ್ಪತೈತಿ. ನೀವು ಹೊಡೀರಿ ಇಮಾಮಣ್ಣ."

ಒಂದೊಂದೇ ಆಧಾರ ಕಳಚಿತು. ಕೊನೆಯದು ಕಳಚಿದಾಗ ಒಂದು ಚಿಟಿಕೆ ಧೂಳು ಉದುರಿ ಅವಳ ಬಟ್ಟೆಯ ಮೇಲೆ ಬಿತ್ತು. ಅದನ್ನು ಊದಿ ಅತ್ತೆ ಪೆಡಲ್ ತುಳಿದಳು. ಕಮಾನು ನಿಂತಿತ್ತು. ಹುಡುಗಿಯರು ಕೇಕೆ ಹಾಕಿದರು, ಇಮಾಮಸಾಬರು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

ಈಗ ಅಲ್ಲಿ ಹದಿನಾರು ಮಷೀನುಗಳಿವೆ. ಗೋಕಾಕದ ನನ್ನ ಸ್ಲ್ಯಾಬಿನ ಮನೆ ಎರಡು ಮಳೆಗಾಲದಿಂದ ಸೋರುತ್ತಿದೆ. ಇಂದು ನಾನು ಬಂದದ್ದು, ಮಗಳ ನಿಶ್ಚಯ ಈ ಪಡಸಾಲೆಯಲ್ಲೇ ಆಗಲಿ ಎಂದು ಅತ್ತೆಯನ್ನು ಕೇಳಲಿಕ್ಕೆ. ಅವಳು ಕತ್ತರಿಯಿಂದ ಕಣ್ಣು ಎತ್ತಲಿಲ್ಲ.

"ನನ್ನೇನು ಕೇಳ್ತಿ? ಒಂದು ದಿನ ಮಷೀನು ಸರಿಸಬೇಕಂದ್ರ ಹುಡುಗ್ಯಾರನ್ನ ಕೇಳು."

ಒಮ್ಮೆ ಕೆಡವಬೇಕೆಂದಿದ್ದ ಕಮಾನಿನ ಕೆಳಗೆ ನಿಂತು, ಹದಿನಾರು ಹುಡುಗಿಯರಿಗೆ ಕೈಮುಗಿದು ಕೇಳಿದೆ. ಇಷ್ಟು ಖುಷಿಯಿಂದ ನಾನು ಯಾರಿಗೂ ಸೋತಿರಲಿಲ್ಲ.