ಬೀದಿನಾಯಿ ಎಂದು ನಾನು ಬರೆದದ್ದು

ಯುದ್ಧದ ವರ್ಷಗಳಲ್ಲಿ ನಾನು ಪುಣೆಯ ಒಂದು ಮರಾಠಿ ದಿನಪತ್ರಿಕೆಗೆ ಪೊಲೀಸ್ ಚೌಕಿ ಮತ್ತು ಕೋರ್ಟಿನ ಸುದ್ದಿ ಬರೆಯುತ್ತಿದ್ದೆ. ಸದಾಶಿವ ಪೇಠದಲ್ಲಿ ಹಲವು ಸಂಸಾರಗಳಿದ್ದ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದಿದ್ದೆ. ಮಾಳಿಗೆಯ ಮೇಲೆ ಬೆಳಗಾವಿ ಕಡೆಯ ಗುಮಾಸ್ತರೊಬ್ಬರು ಸಂಸಾರ ಸಮೇತ ಇದ್ದರು. ಖಡಕಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ನಕಲು ಬರೆಯುವ ಹಂಗಾಮಿ ಕೆಲಸ ಅವರದು.

ಅವರು ದಿನಾ ಸೈಕಲ್ ಮೇಲೆ ಹೋಗುವ ದಾರಿಯಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಬಂಗಲೆ ಇತ್ತು. ಬೆಳಿಗ್ಗೆ ಅಲ್ಲಿನ ಕಂದು ನಾಯಿಯನ್ನು ಬಿಚ್ಚಿ ಬಿಡುತ್ತಿದ್ದರು. ಒಮ್ಮೆ ನಾನು ಆ ದಾರಿಯಲ್ಲಿ ಸೈಕಲ್ ಮೇಲೆ ಹೋದಾಗ ಅದು ಬೆನ್ನಟ್ಟಿ ಬಂದು ನನ್ನ ಧೋತರದ ಅಂಚನ್ನು ಹರಿದು ಹಾಕಿತು. ಹರಿದ ಅಂಚನ್ನು ಕೈಯಲ್ಲಿ ಹಿಡಿದೇ ಜಗಲಿ ಹತ್ತಿ ದೂರು ಹೇಳಿದೆ. ಯಜಮಾನರು ಚಹಾ ತರಿಸಿದರು.

"ನಮ್ಮ ನಾಯಿಗೆ ಧೋತರ ಕಂಡರೆ ಆಗುವುದಿಲ್ಲ. ನಾಳೆಯಿಂದ ಪ್ಯಾಂಟು ಹಾಕಿಕೊಂಡು ಬನ್ನಿ, ಪತ್ರಕರ್ತ ಸಾಹೇಬರೇ," ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ನಾನೂ ನಕ್ಕು, ಚಹಾ ಕುಡಿದು ಬಂದೆ.

ಎರಡು ತಿಂಗಳಾದ ಮೇಲೆ ಒಂದು ದಿನ ಚೌಕಿಯಲ್ಲಿ ಹವಾಲ್ದಾರರು ಎಂದಿನಂತೆ ದಾಖಲೆ ಪುಸ್ತಕ ಓದಿ ಹೇಳಿದರು, ನಾನು ಬರೆದುಕೊಂಡೆ. ನಾಯಿಯ ವಿಷಯ ಬಂದರೆ ಅವರು ಯಾವಾಗಲೂ ಬೀದಿನಾಯಿ ಎಂದೇ ದಾಖಲಿಸುತ್ತಿದ್ದರು. ಸಾಕಿದ ನಾಯಿ ಎಂದರೆ ಮಾಲೀಕನನ್ನು ಹುಡುಕಿಕೊಂಡು ಹೋಗಿ ಹೇಳಿಕೆ ಪಡೆಯಬೇಕಾಗುತ್ತಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬರೆದೆ: ಖಡಕಿಯ ರಸ್ತೆಯಲ್ಲಿ ಬೀದಿನಾಯಿ ಅಡ್ಡ ಬಂದು ಸೈಕಲ್ ಸವಾರನೊಬ್ಬ ಬಿದ್ದು ಕೈ ಮುರಿದುಕೊಂಡ. ಸವಾರ ಯಾರು, ಆ ರಸ್ತೆಯಲ್ಲಿ ಯಾರ ಮನೆಯ ಎದುರು ಬಿದ್ದ ಎಂದು ಕೇಳಲಿಲ್ಲ. ಎರಡು ಸಾಲಿನ ಸುದ್ದಿಗೆ ಯಾರೂ ಕೇಳುತ್ತಿರಲಿಲ್ಲ.

ಸಂಜೆ ಮನೆಗೆ ಬಂದರೆ ಗುಮಾಸ್ತರು ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ಅದ ನಾಯಿರಿ, ನಿಮ್ಮ ಧೋತರಾ ಹರದದ್ದು. ದಿನಾ ಮಾಡೂಹಂಗ ಎರಡೂ ಕಾಲು ಹ್ಯಾಂಡಲ್ ಮ್ಯಾಲ ಎತ್ತಿ ಇಟ್ಟಿದ್ದೆ. ಇವತ್ತ ಸೀದಾ ಮುಂದಿನ ಗಾಲಿಗೇ ನುಗ್ಗಿತು."

ಮುಂಗೈ ಕೂಡಲು ಮೂರು ತಿಂಗಳು ಬೇಕೆಂದು ಡಾಕ್ಟರು ಹೇಳಿದ್ದರು. ಕಾರ್ಖಾನೆಯವರು ಹಂಗಾಮಿ ನೌಕರನಿಗೆ ಅಷ್ಟು ದಿನ ಕಾಯುವವರಲ್ಲ. ಬಂಗಲೆಯ ಯಜಮಾನರಿಂದ ಪರಿಹಾರ ಸಿಕ್ಕರೆ ಮಾತ್ರ ಕೈ ಕೂಡುವವರೆಗೆ ಪುಣೆಯಲ್ಲಿದ್ದು ಬೇರೆ ಕೆಲಸ ಹುಡುಕಬಹುದಿತ್ತು. ಯಜಮಾನರು ತಮ್ಮ ನಾಯಿಯನ್ನು ಅಂದು ಕಟ್ಟಿಯೇ ಹಾಕಿದ್ದೆವೆಂದರು.

ದಾವೆ ಹಾಕಲು ಗುಮಾಸ್ತರು ಹಿಡಿದ ವಕೀಲರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: "ನಾಯಿ ಸಾಕಿದ್ದಾರೆ ಅಂದ ಮಾತ್ರಕ್ಕೆ ಅವರು ಹೊಣೆ ಆಗೋದಿಲ್ಲ. ಸೈಕಲ್ಲಿನವರ ಮೇಲೆ ಬೀಳೋದು ಅದರ ಚಾಳಿ, ಅದು ಅವರಿಗೆ ಮೊದಲೇ ಗೊತ್ತಿತ್ತು ಅಂತ ತೋರಿಸಬೇಕು."

ಯಜಮಾನರಿಗೇ ದೂರು ಹೇಳಿ ಬಂದಿದ್ದ ನಾನೊಬ್ಬನೇ ಅದನ್ನು ಹೇಳಬಲ್ಲವನು.

ಸುದ್ದಿಯನ್ನು ತಿದ್ದಿ ಹಾಕೋಣವೆಂದು ಸಂಪಾದಕರನ್ನು ಕೇಳಿದೆ. "ಎರಡು ಸಾಲು ತಿದ್ದೋಕೆ ನಾಲ್ಕು ಸಾಲೇ? ಯುದ್ಧಕಾಲದಲ್ಲಿ ಕಾಗದ ಎಲ್ಲಿದೆ?" ಎಂದರು. ಎರಡನೆಯ ಸಲ ಕೇಳಲಿಲ್ಲ.

ಕೋರ್ಟಿನಲ್ಲಿ ಧೋತರದ ಸಂಗತಿ, ಚಹಾ, ಯಜಮಾನರ ಮಾತು ಎಲ್ಲವನ್ನೂ ಹೇಳಿದೆ. ಆಮೇಲೆ ಎದುರು ವಕೀಲರು ಪತ್ರಿಕೆಯ ತುಣುಕೊಂದನ್ನು ಮುಂದೆ ಹಿಡಿದರು.

"ಇದನ್ನು ಬರೆದವರು?"

"ನಾನು."

"ಬೀದಿನಾಯಿ ಎಂದಿದೆ. ಅಂದು ಬರೆದದ್ದು ಸುಳ್ಳೋ, ಇಂದು ಹೇಳುತ್ತಿರುವುದು ಸುಳ್ಳೋ?"

"ಅಂದು ನಾನು ನೋಡಿರಲಿಲ್ಲ. ಚೌಕಿಯಲ್ಲಿ ಹೇಳಿದ್ದನ್ನು ಬರೆದೆ."

"ನೋಡದೆ ಬರೆಯುವುದು ನಿಮ್ಮ ರೂಢಿಯೋ?"

ಹಿಂದಿನ ಬೆಂಚಿನಲ್ಲಿದ್ದ ಬೇರೆ ಪತ್ರಿಕೆಗಳ ವರದಿಗಾರರು ನಕ್ಕರು. ನನ್ನ ಮಾತನ್ನು ನ್ಯಾಯಾಧೀಶರು ನಂಬಲಿಲ್ಲ. ದಾವೆ ವಜಾ ಆಯಿತು. ಹೊರಗೆ ವರಾಂಡದಲ್ಲಿ ಯಜಮಾನರು ಎದುರಾದರು. ನನ್ನ ಧೋತರವನ್ನೊಮ್ಮೆ ನೋಡಿ, ಕೈಮುಗಿದು ಹೋದರು.

ಗುಮಾಸ್ತರು ಬೆಳಗಾವಿಗೆ ಹೊರಟ ದಿನ ಟಾಂಗಾ ಬಾಗಿಲಲ್ಲಿ ನಿಂತಿತ್ತು. ನನ್ನ ಕೋಣೆಗೆ ಬಂದು ಆ ಸುದ್ದಿಯ ತುಣುಕು ಇದೆಯೇ ಎಂದು ಕೇಳಿದರು. ಹುಡುಕಿ ಕೊಟ್ಟೆ.

"ಅದರಾಗ ನಿಮ್ಮ ಹೆಸರೂ ಇಲ್ಲಲ್ರಿ," ಎಂದೆ.

"ಇರಲಿ ಬಿಡ್ರಿ. ಊರಾಗ ಕೇಳ್ತಾರ, ಖಟ್ಲೆ ಯಾಕ ಸೋತಿ ಅಂತ. ಬಾಯಿಲೆ ಹೇಳಿದ್ರ ಯಾರು ನಂಬತಾರ? ಇದನ್ನ ತೋರಸ್ತೀನಿ."

ಎಡಗೈಯಿಂದಲೇ ಅದನ್ನು ಮಡಚಿ ಕೋಟಿನ ಕಿಸೆಯಲ್ಲಿಟ್ಟುಕೊಂಡು ಟಾಂಗಾ ಹತ್ತಿದರು.