ಮುಂದೆ ಮಾವನ ಕಾರು

ಬಿಶ್ಕೇಕಿನ ಬಜಾರಿನಲ್ಲಿ ಕ್ಷೌರದಂಗಡಿ ಇಟ್ಟಿರುವ ತಾಬಿಲ್ದಿ ಬಲು ನಿಧಾನಿ. ಅವನ ಕುರ್ಚಿಯಲ್ಲಿ ಕೂತವರು ಒಂದು ನಿದ್ದೆ ಮುಗಿಸಿಯೇ ಏಳುತ್ತಾರೆ. ಇಂಥವನಿಗೆ ವೇಗದ ಹುಚ್ಚು ಹಿಡಿಸಿದವನು ಹೆಂಡತಿ ಬೂರುಲಳ ತಮ್ಮ ಕೆಂಜೆ. ಪ್ರತಿ ಬೇಸಿಗೆಯಲ್ಲೂ ಮಾವನ ಹುಲ್ಲುಗಾವಲಿಗೆ ಹೋಗುವಾಗ ತಾಬಿಲ್ದಿಯ ಕಾರು ತೂ-ಆಶೂ ಘಾಟಿಯಲ್ಲಿ ಏದುಸಿರು ಬಿಡುತ್ತಿತ್ತು. ಕೆಂಜೆ ತನ್ನ ಕಾರಿನಲ್ಲಿ ಹಾರ್ನ್ ಬಾರಿಸುತ್ತಾ ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದ. ಆಮೇಲೆ ಕುದುರೆಹಾಲಿನ ಬಟ್ಟಲು ಕೈಗೆ ಬರುವ ಮೊದಲೇ ಎಲ್ಲರೆದುರು ಲೇವಡಿ. ಕೇಳಿ ಬೂರುಲಳೂ ನಗುತ್ತಿದ್ದಳು. ತಾಬಿಲ್ದಿಗೆ ಚುಚ್ಚುತ್ತಿದ್ದುದು ಆ ನಗು.

ಈ ವರ್ಷ ಅವನು ಎಂಜಿನ್ನಿಗೆ ಚಿಪ್ ಟ್ಯೂನಿಂಗ್, ಅಂದರೆ ಅದರೊಳಗಿನ ಕಂಪ್ಯೂಟರನ್ನು ತಿದ್ದಿ ಬಲ ಹೆಚ್ಚಿಸುವ ಕೆಲಸ, ಮಾಡಿಸಲು ಹೊರಟ. ಒಬ್ಬ ಅಂಗಡಿಯವನು ಅರವತ್ತು ಕುದುರೆಯ ಶಕ್ತಿ ಹೆಚ್ಚಿಸಿಕೊಡುವುದಾಗಿ ಕೊಚ್ಚಿಕೊಂಡ. ಇನ್ನೊಬ್ಬ ಸ್ಟೇರಿಂಗ್ ಕೆಳಗೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿ ನೋಡಿ, ಮೂವತ್ತಕ್ಕಿಂತ ಹೆಚ್ಚು ತುಂಬಿದರೆ ಘಾಟಿಯಲ್ಲಿ ಎಂಜಿನ್ ಕಾದು ಕೈಕೊಡುತ್ತದೆ ಎಂದ. ತಾಬಿಲ್ದಿ ತಲೆ ಕೆರೆದುಕೊಂಡ.

"ಅರವತ್ತು ಕುದುರೆ ಕಾಯೋಕೆ ಆಳು ಬೇಕಾಗ್ತದೆ. ಮೂವತ್ತಾದ್ರೆ ನಾನೊಬ್ಬನೇ ಸಾಕು," ಎಂದು ಎರಡನೆಯವನಿಗೇ ಕಾರು ಬಿಟ್ಟ.

ಹೊರಟ ದಿನ ಬಯಲಿನಲ್ಲಿ ಕಾರು ಚಂಗನೆ ಹಾರಿತು. ಬೂರುಲ್ ಸೀಟು ಬಿಗಿಯಾಗಿ ಹಿಡಿದುಕೊಂಡಳು. ಘಾಟಿಯ ಬುಡದಲ್ಲಿ ಕೆಂಜೆಯ ಕಾರು ಕನ್ನಡಿಯಲ್ಲಿ ಚಿಕ್ಕದಾಗಿ ಕಂಡಾಗ ತಾಬಿಲ್ದಿಯ ಎದೆ ಉಬ್ಬಿತು. ಪಾಪ, ಆ ಸುಖ ಮೊದಲ ತಿರುವಿನವರೆಗೆ ಮಾತ್ರ. ಅಲ್ಲಿ ಪೇಟೆಯಿಂದ ಮರಳುತ್ತಿದ್ದ ಮಾವ ಮಾಂಬೆತ್ ತಮ್ಮ ಹಳೇ ಝಿಗುಲಿ ಕಾರಿನಲ್ಲಿ ತೆವಳುತ್ತಿದ್ದರು.

ಕುದುರೆಯ ಮೇಲಿರಲಿ, ಕಾರಿನಲ್ಲಿರಲಿ, ಹಿರಿಯರನ್ನು ಅಡ್ಡಹಾಯ್ದು ಮುಂದೆ ಹೋಗುವ ರೂಢಿ ನಮ್ಮಲ್ಲಿಲ್ಲ. ಅದರಲ್ಲೂ ಹೆಣ್ಣು ಕೊಟ್ಟ ಮಾವ! ತಾಬಿಲ್ದಿ ಹಲ್ಲು ಕಚ್ಚಿಕೊಂಡು ಹಿಂದೆಯೇ ಹತ್ತಿದ. ಕೆಂಜೆಯೂ ಬಂದು ಅವನ ಬಾಲಕ್ಕೆ ಅಂಟಿಕೊಂಡ, ಆದರೆ ಅಪ್ಪನ ಕಾರು ಕಂಡು ಹಾರ್ನ್ ಮುಟ್ಟಲಿಲ್ಲ.

ನೆತ್ತಿಯಲ್ಲಿ ಮಾಂಬೆತ್ ಕಾರು ನಿಲ್ಲಿಸಿ, ಮಂಡಿ ನೀವಿಕೊಳ್ಳುತ್ತಾ ಇಳಿದರು. ಇನ್ನು ಇಳಿಜಾರು, ಬ್ರೇಕ್ ತುಳಿಯಲು ಕಾಲಿಗೆ ಬಲವಿಲ್ಲ ಎಂದರು. ಕೆಂಜೆ ಕೈ ಚಾಚಿದ. ಮುದುಕ ಕೀಲಿಯನ್ನು ಅಳಿಯನ ಅಂಗೈಗೆ ಹಾಕಿದರು.

"ನೀನು ಓಡ್ಸಪ್ಪ. ನನ್ನ ಕುತ್ತಿಗೆ ಮೇಲೆ ಕತ್ತಿ ಆಡ್ಸೋವಾಗ್ಲೂ ನಿನ್ನ ಕೈಗೆ ನಾನು ಹೆದರಿಲ್ಲ. ಇವನ ಕೈಗೆ ನಾನು ಆಡಿನ ಹಗ್ಗಾನೂ ಕೊಡಲ್ಲ."

ತಾಬಿಲ್ದಿ ಝಿಗುಲಿಯನ್ನು ತೊಟ್ಟಿಲು ತೂಗಿದಂತೆ ಇಳಿಸಿದ. ಟ್ಯೂನ್ ಮಾಡಿದ ಕಾರನ್ನು ಓಡಿಸುತ್ತಾ ಬೂರುಲ್ ಅವನ ಹಿಂದೆ, ಕೆಂಜೆ ಎಲ್ಲರಿಗಿಂತ ಹಿಂದೆ.

ಹುಲ್ಲುಗಾವಲಿನಲ್ಲಿ ಕಾರಿನಿಂದ ಮೊದಲು ಇಳಿದವನು ತಾಬಿಲ್ದಿಯೇ. ಕೆಂಜೆ ಬಂದವನೇ, ಭಾವ ಸ್ವಲ್ಪ ಬೇಗ ಓಡಿಸಬಹುದಿತ್ತು ಎಂದು ಗೊಣಗಿದ.

"ಅಷ್ಟು ಅವಸರ ಇದ್ದಿದ್ರೆ ಮುಂದೆ ಹೋಗ್ಬೇಕಿತ್ತಪ್ಪ," ಎಂದರು ಮಾಂಬೆತ್.

ಬೂರುಲ್ ನಕ್ಕಳು, ತಮ್ಮನ ಮುಖ ನೋಡಿಕೊಂಡು.